ಭೂಮಿ ಕೊರೆದಿದ್ದು 12 ಕಿ.ಮೀ. ಮಾತ್ರ, 2,900 ಕಿ.ಮೀ. ಕೆಳಗೆ ಕರಗಿದ ಕಬ್ಬಿಣ ಇದೆ ಅಂತ ಹೇಗೆ ಗೊತ್ತಾಯ್ತು?

ಸೇಡಂ_ಮೇಷ್ಟ್ರು ಕೇಳಿದ್ದು:

ನಾನು ಸೇಡಂ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭೂಮಿಯ ಒಳರಚನೆ ಪಾಠ ನಡೆಯುತ್ತಿದೆ. ಭೂಕವಚ, ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ ಅಂತ ಬೋರ್ಡ್ ಮೇಲೆ ಚಿತ್ರ ಬರೆದು, ಪಕ್ಕದಲ್ಲಿ 2,900, 5,150, 6,371 ಅಂತ ಆಳ ಹಾಕಿದೆ. ಚಿಂಚೋಳಿ ಕಡೆಯ ಒಬ್ಬ ಹುಡುಗಿ ಎದ್ದು, "ಸರ್, ಅಲ್ಲಿಗೆ ಯಾರು ಹೋಗಿ ನೋಡಿ ಬಂದಿದ್ದಾರೆ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ರಷ್ಯಾದ ಕೋಲಾದಲ್ಲಿ ಕೊರೆದ ಬಾವಿ 12,262 ಮೀಟರ್ ಆಳಕ್ಕೆ ನಿಂತುಹೋಯಿತು. ಭೂಮಿಯ ನಡುವಿನ ತನಕ ಇರುವ ದೂರದಲ್ಲಿ ಅದು ಸಾವಿರಕ್ಕೆ ಎರಡು ಪಾಲು.

"ಭೂಕಂಪದ ಅಲೆಗಳಿಂದ ಗೊತ್ತಾಗುತ್ತದೆ" ಅಂತ ಪುಸ್ತಕದಲ್ಲಿ ಒಂದೇ ಸಾಲು ಇದೆ. ಅಷ್ಟು ಹೇಳಿ ಮುಂದಕ್ಕೆ ಹೋಗಲು ನನಗೆ ಮನಸ್ಸಿಲ್ಲ. ಈ ಮಕ್ಕಳಿಗೆ ಭೂಕಂಪ ಅಂದರೆ ಬರೀ ಪಾಠ ಅಲ್ಲ, 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ಸುತ್ತ ನೆಲ ನಡುಗಿದಾಗ ಎಷ್ಟೋ ಮನೆಯವರು ರಾತ್ರಿ ಹೊರಗೇ ಮಲಗಿದ್ದರು. ನೆಲದೊಳಗಿಂದ ಸದ್ದು ಬರುತ್ತಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಆ ನಡುಕದಿಂದಲೇ ಭೂಮಿಯ ಹೊಟ್ಟೆಯೊಳಗೆ ಏನಿದೆ ಅಂತ ತಿಳಿಯುತ್ತದೆ ಎಂದರೆ ಅದು ಹೇಗೆ ಅಂತ ಹಂತಹಂತವಾಗಿ ಗೊತ್ತಾಗಬೇಕು ಅಲ್ವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಬೀದರ್_ಕೋಟೆ:

ಮೇಷ್ಟ್ರೇ, ಕಿಲ್ಲಾರಿಯಿಂದ ಶುರು ಮಾಡಿ. ನಮ್ಮ ಭಾಗದಲ್ಲಿ ಅದರ ನೆನಪಿಲ್ಲದ ಮನೆ ಕಡಿಮೆ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3.56. ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತು. ಅಳತೆ 6.2. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಕಲ್ಲು-ಮಣ್ಣಿನ ದಪ್ಪ ಗೋಡೆಗಳೇ ಮೈಮೇಲೆ ಬಿದ್ದಿದ್ದು. ಬೀದರ್, ಕಲಬುರಗಿಯಲ್ಲೂ ಜನ ಬೀದಿಗೆ ಓಡಿ ಬಂದರು. ನಮ್ಮ ಮನೆಯ ಹಿರಿಯರು ಹೇಳುವುದು ಹೀಗೆ: ಮೊದಲು ದೂರದಲ್ಲಿ ಗುಡುಗಿದ ಹಾಗೆ ಆಯಿತು, ಏನಿದು ಅಂತ ಎದ್ದು ಕೂರುವಷ್ಟರಲ್ಲಿ ಮನೆ ಅಲ್ಲಾಡಿತು.

ಆ "ಎದ್ದು ಕೂರುವಷ್ಟರಲ್ಲಿ" ಇದೆಯಲ್ಲ, ನಿಮ್ಮ ಪಾಠ ಅಲ್ಲೇ ಇದೆ. ಭೂಕಂಪದಿಂದ ಎರಡು ಜಾತಿಯ ಅಲೆ ನೆಲದೊಳಗೆ ಹೊರಡುತ್ತವೆ. ಪಿ ಅಲೆ ಕಲ್ಲನ್ನು ಹಿಂದೆ-ಮುಂದೆ ಒತ್ತುತ್ತಾ ಹೋಗುತ್ತದೆ. ಎಸ್ ಅಲೆ ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತಾ ಹೋಗುತ್ತದೆ. ಮೇಲಿನ ಕಲ್ಲಿನಲ್ಲಿ ಪಿ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ವೇಗ ಸುಮಾರು 3.5. ಕಿಲ್ಲಾರಿಯಿಂದ ಕಲಬುರಗಿಗೆ ನೇರ ಗೆರೆ ಎಳೆದರೆ ಸುಮಾರು 85 ಕಿ.ಮೀ. ಪಿ ಬರಲು 14 ಸೆಕೆಂಡು, ಎಸ್ ಬರಲು 24. ಅಂದರೆ ನಡುವೆ 10 ಸೆಕೆಂಡಿನ ಅಂತರ. ಆ ಅಂತರವನ್ನು 8ರಿಂದ ಗುಣಿಸಿದರೆ ಭೂಕಂಪ ಎಷ್ಟು ದೂರದಲ್ಲಿ ಆಯಿತು ಅಂತ ಕಿ.ಮೀ. ಲೆಕ್ಕದಲ್ಲಿ ಸಿಗುತ್ತದೆ. ಮೂರು ಊರಿನಿಂದ ಈ ದೂರ ಸಿಕ್ಕರೆ ಜಾಗವನ್ನೇ ಗುರುತಿಸಬಹುದು. ಕಂಪಾಸ್ ಹಿಡಿದು ನಕ್ಷೆ ಮೇಲೆ ಮೂರು ವೃತ್ತ ಹಾಕಿದರೆ ಸಾಕು, ಮಕ್ಕಳೇ ಮಾಡುತ್ತಾರೆ.

ಗಡಿಕೇಶ್ವರದ ಸದ್ದಿಗೂ ಇದೇ ಕಾರಣ. ಭೂಕಂಪ ತೀರಾ ಮೇಲ್ಮಟ್ಟದಲ್ಲೇ ಆದಾಗ ಪಿ ಅಲೆಯ ವೇಗದ ಕಂಪನ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳುತ್ತದೆ.

ಆಳಂದ_ಕಲ್ಲು:

ಬೀದರ್_ಕೋಟೆ ಹೇಳಿದ್ದು ಸರಿ, ಆದರೆ ಅಲ್ಲಿಗೆ ಭೂಮಿಯ ಮೇಲ್ಚಿಪ್ಪು ಮಾತ್ರ ಗೊತ್ತಾಯಿತು. 85 ಕಿ.ಮೀ. ದೂರಕ್ಕೆ ಬರುವ ಮೊದಲ ಅಲೆ ತುಂಬಾ ಆಳಕ್ಕೆ ಇಳಿಯುವುದೇ ಇಲ್ಲ. ಒಳಗಿನ ಸುದ್ದಿ ತಿಳಿಯಬೇಕಾದರೆ ದೂರದ ದೊಡ್ಡ ಭೂಕಂಪ ಬೇಕು. ದೂರ ಹೆಚ್ಚಿದಷ್ಟೂ ಅಲೆ ಆಳಕ್ಕೆ ಇಳಿದು ಬರುತ್ತದೆ. ನಾನು ಭೂವಿಜ್ಞಾನ ಓದಿದವನು, ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಲೆಕ್ಕ. ಭೂಮಿಯ ಕಾಲು ಸುತ್ತು ದೂರದಲ್ಲಿ, ಅಂದರೆ ಮೇಲ್ಮೈ ಮೇಲೆ 10,000 ಕಿ.ಮೀ. ಆಚೆ, ಭೂಕಂಪ ಆಯಿತು ಅಂದುಕೊಳ್ಳಿ. ಒಳಗಿನಿಂದ ನೇರ ಗೆರೆ ಎಳೆದರೆ ದೂರ ಸುಮಾರು 9,000 ಕಿ.ಮೀ. ಒಳಗೂ ಸೆಕೆಂಡಿಗೆ 6 ಕಿ.ಮೀ. ವೇಗವೇ ಇದ್ದರೆ ಪಿ ಅಲೆ ಬರಲು 25 ನಿಮಿಷ ಬೇಕು. ನಿಜವಾಗಿ ಅದು ಸುಮಾರು 13 ನಿಮಿಷಕ್ಕೇ ಬರುತ್ತದೆ! ಅರ್ಧ ಸಮಯ. ಹಾಗಾದರೆ ಒಳಗೆ ಹೋದಷ್ಟೂ ಅಲೆಯ ವೇಗ ಹೆಚ್ಚುತ್ತದೆ ಅಂತ ಆಯಿತು. ಏನನ್ನೂ ಕೊರೆಯದೆ, ಗಡಿಯಾರ ನೋಡಿಯೇ ಇದು ಗೊತ್ತಾಯಿತು. ವೇಗ ಬದಲಾದ ಹಾಗೆ ಅಲೆಯ ದಾರಿಯೂ ಬಾಗುತ್ತದೆ, ಕೆಳಗೆ ಇಳಿದು ಮತ್ತೆ ಮೇಲಕ್ಕೆ ತಿರುಗುತ್ತದೆ. ಬೇರೆ ಬೇರೆ ದೂರದ ನೂರಾರು ಊರುಗಳಲ್ಲಿ ಅಲೆ ಮುಟ್ಟಿದ ಸಮಯ ಬರೆದಿಟ್ಟುಕೊಂಡರೆ, ಯಾವ ಆಳದಲ್ಲಿ ಎಷ್ಟು ವೇಗ ಅಂತ ಲೆಕ್ಕ ಹಾಕಬಹುದು.

ಈ ಕೆಲಸಕ್ಕೆ ನಮ್ಮ ದೇಶದ ನಂಟು ದೊಡ್ಡದು. 1897ರ ಜೂನ್ 12ರಂದು ಶಿಲ್ಲಾಂಗ್ ಕಡೆ ಭಾರಿ ಭೂಕಂಪ ಆಯಿತು. ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿದ್ದ ರಿಚರ್ಡ್ ಓಲ್ಡಮ್ ಅದನ್ನು ಅಧ್ಯಯನ ಮಾಡಿದರು. ಯುರೋಪಿನ ಯಂತ್ರಗಳಲ್ಲಿ ದಾಖಲಾದ ಅದೇ ಭೂಕಂಪದ ಗೆರೆಗಳಲ್ಲಿ ಮೂರು ಬೇರೆ ಬೇರೆ ಅಲೆ ಇರುವುದನ್ನು ಗುರುತಿಸಿದರು. ಪಿ, ಎಸ್, ಆಮೇಲೆ ನೆಲದ ಮೇಲ್ಮೈಯಲ್ಲೇ ಸಾಗಿ ಬರುವ ಅಲೆ. ಮುಂದೆ 1906ರಲ್ಲಿ ಅವರೇ, ತುಂಬಾ ದೂರಕ್ಕೆ ಬರುವ ಅಲೆಗಳು ತಡವಾಗುತ್ತಿವೆ, ನಡುವೆ ಬೇರೆ ಗುಣದ ಒಂದು ಗೋಳ ಇರಲೇಬೇಕು ಅಂತ ಹೇಳಿದರು. ಈ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು ಅಂತ ನನ್ನ ಆಸೆ.

1909ರಲ್ಲಿ ಕ್ರೊಯೇಷಿಯಾದ ಮೊಹೊರೊವಿಚಿಚ್ ಜಾಗ್ರೆಬ್ ಹತ್ತಿರದ ಭೂಕಂಪದಲ್ಲಿ ಇನ್ನೊಂದು ವಿಷಯ ಕಂಡರು. ಸುಮಾರು 200 ಕಿ.ಮೀ. ಆಚೆಯ ಊರುಗಳಿಗೆ, ಸುತ್ತು ಹಾಕಿ ಆಳದಿಂದ ಬಂದ ಪಿ ಅಲೆ, ಹತ್ತಿರದ ದಾರಿಯಲ್ಲಿ ಬಂದ ಪಿ ಅಲೆಗಿಂತ ಮೊದಲೇ ಮುಟ್ಟಿತ್ತು. ಕೆಳಗೆ ಒಂದು ಗಡಿ ಇದೆ, ಅದನ್ನು ದಾಟಿದ ಕೂಡಲೇ ವೇಗ ಸೆಕೆಂಡಿಗೆ 8 ಕಿ.ಮೀ. ಹತ್ತಿರ ಹಾರುತ್ತದೆ. ಅದೇ ಭೂಕವಚದ ತಳ, ಮೋಹೋ ಅಂತಾರೆ. ಖಂಡಗಳ ಕೆಳಗೆ ಇದರ ಆಳ ಸಾಮಾನ್ಯವಾಗಿ 30-50 ಕಿ.ಮೀ., ಸಾಗರದ ನೆಲದ ಕೆಳಗೆ ಹತ್ತಕ್ಕಿಂತ ಕಡಿಮೆ. 1970ರ ದಶಕದಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೆ, ಸಣ್ಣ ಸ್ಫೋಟ ಮಾಡಿ ಅಲೆ ಕಳಿಸಿ ನಮ್ಮ ದಕ್ಷಿಣದ ಭೂಕವಚ ಅಳೆಯಿತು. ಭಾರತದಲ್ಲಿ ಇಂಥ ಅಳತೆ ಅದೇ ಮೊದಲು.

ಇನ್ನು ಕೇಂದ್ರಗೋಳ. ಇಲ್ಲಿ ಕೋನದ ಲೆಕ್ಕ ಬೇಕು. ಭೂಮಿಯ ನಡುವಿನಿಂದ ನೋಡಿದಾಗ ಭೂಕಂಪದ ಜಾಗಕ್ಕೂ ನಮಗೂ ಎಷ್ಟು ಡಿಗ್ರಿ ಅಂತರ ಅಂತ. ಸುಮಾರು 103 ಡಿಗ್ರಿ ತನಕ ಪಿ, ಎಸ್ ಎರಡೂ ಚೆನ್ನಾಗಿ ಬರುತ್ತವೆ. ಅದರಾಚೆ ನೇರ ಎಸ್ ಅಲೆ ಇಲ್ಲವೇ ಇಲ್ಲ. ಪಿ ಅಲೆ ಕೂಡ 103ರಿಂದ ಸುಮಾರು 142 ಡಿಗ್ರಿ ತನಕ ಮಾಯವಾಗಿ ಮತ್ತೆ ಆಚೆ ಕಾಣಿಸಿಕೊಳ್ಳುತ್ತದೆ. ಈ ಪಟ್ಟಿಗೆ ನೆರಳು ವಲಯ ಅಂತ ಹೆಸರು. ಎಲ್ಲಿ ಭೂಕಂಪ ಆದರೂ ಅದರ ಎದುರು ಬದಿಯಲ್ಲಿ ಇದೇ ಅಳತೆಯ ನೆರಳು ಬೀಳುತ್ತದೆ. ನೆರಳು ಬೀಳಬೇಕಾದರೆ ನಡುವೆ ಏನೋ ಇರಬೇಕು ಅಲ್ವಾ? ನೆರಳಿನ ಅಂಚಿನಿಂದ ಅದರ ಗಾತ್ರ ಲೆಕ್ಕ ಹಾಕಬಹುದು. ಜರ್ಮನಿಯ ಬೆನೊ ಗುಟೆನ್‌ಬರ್ಗ್ 1913ರ ಹೊತ್ತಿಗೆ ಲೆಕ್ಕ ಹಾಕಿ 2,900 ಕಿ.ಮೀ. ಆಳ ಅಂದರು. ಇವತ್ತಿನ ಅಳತೆ 2,891. ಆ ಕಾಲದ ಯಂತ್ರದಲ್ಲಿ, ಕೈಯಲ್ಲಿ ಲೆಕ್ಕ ಮಾಡಿ ಇಷ್ಟು ಹತ್ತಿರ!

ಎಸ್ ಅಲೆ ಯಾಕೆ ದಾಟಲ್ಲ ಅಂತ ಮಕ್ಕಳಿಗೆ ಹೇಳಲು ಶರಣಬಸವೇಶ್ವರ ಜಾತ್ರೆಯ ಸಾಲು ಸಾಕು. ದರ್ಶನದ ಸಾಲಿನಲ್ಲಿ ಹಿಂದಿನವನು ತಳ್ಳಿದರೆ ಆ ತಳ್ಳು ಮುಂದಿನವನ ತನಕ ಹೋಗುತ್ತದೆ, ಯಾರೂ ಕೈ ಹಿಡಿದುಕೊಂಡಿರಬೇಕಿಲ್ಲ. ಅದು ಪಿ. ಆದರೆ ಒಬ್ಬನನ್ನು ಪಕ್ಕಕ್ಕೆ ಎಳೆದರೆ ಮುಂದಿನವನೂ ಪಕ್ಕಕ್ಕೆ ವಾಲಬೇಕಾದರೆ ಇಬ್ಬರೂ ಗಟ್ಟಿಯಾಗಿ ಕೈ ಹಿಡಿದಿರಬೇಕು. ಅದು ಎಸ್. ಗಟ್ಟಿ ಕಲ್ಲಿನಲ್ಲಿ ಕಣಗಳು ಕೈ ಹಿಡಿದಿರುತ್ತವೆ, ದ್ರವದಲ್ಲಿ ಬಿಟ್ಟಿರುತ್ತವೆ.

ಸೇಡಂ_ಮೇಷ್ಟ್ರು:

ತುಂಬಾ ಧನ್ಯವಾದ. ಜಾತ್ರೆ ಸಾಲನ್ನು ತರಗತಿಯಲ್ಲೇ ನಿಲ್ಲಿಸಿ ತೋರಿಸುತ್ತೇನೆ. ಆದರೆ ಮಕ್ಕಳು ಇಷ್ಟಕ್ಕೇ ಬಿಡುವವರಲ್ಲ, ಅದಕ್ಕೆ ಮುಂದಿನ ಪ್ರಶ್ನೆ ನಾನೇ ಕೇಳುತ್ತೇನೆ. ಎಸ್ ಅಲೆ ಬರಲಿಲ್ಲ ಅಂದ ಮಾತ್ರಕ್ಕೆ ದ್ರವ ಅಂತ ಹೇಗೆ ಹೇಳುವುದು? ಪೊಳ್ಳು ಇರಬಹುದು, ಗಾಳಿ ಇರಬಹುದು. ಅಷ್ಟು ದೂರ ಬರುವಾಗ ಸುಮ್ನೆ ಸವೆದು ಹೋಗಿರಲೂಬಹುದು. ಇನ್ನೊಂದು, ಹೊರಗೆ ದ್ರವ ಆದಮೇಲೆ ಅದರೊಳಗೆ ಮತ್ತೆ ಗಟ್ಟಿ ಗೋಳ ಇದೆ ಅಂತ ಯಾರು ಕಂಡುಹಿಡಿದರು?

ಆಳಂದ_ಕಲ್ಲು:

ಪೊಳ್ಳಾಗಿದ್ದರೆ ಪಿ ಅಲೆ ಅದನ್ನು ದಾಟಿ ಬರುತ್ತಲೇ ಇರಲಿಲ್ಲ. ಅದು ಬರುತ್ತದೆ. ಭೂಮಿಯ ಸರಿಯಾಗಿ ಎದುರು ಬದಿಗೆ, 12,742 ಕಿ.ಮೀ. ದಾಟಿ, ಸುಮಾರು 20 ನಿಮಿಷಕ್ಕೆ ಬರುತ್ತದೆ. ಕೇಂದ್ರಗೋಳದ ಮೇಲ್ಭಾಗದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ. ಗಾಳಿಯಲ್ಲಿ ಸದ್ದಿನ ವೇಗ 0.34 ಕಿ.ಮೀ. ಮಾತ್ರ. ಮ್ಯಾಂಟಲ್‌ನ ತಳದಲ್ಲಿ 13.7 ಇದ್ದದ್ದು ಒಮ್ಮೆಲೇ 8ಕ್ಕೆ ಇಳಿಯುತ್ತದೆ, ಅದಕ್ಕೇ ಅಲೆ ಒಳಮುಖವಾಗಿ ಬಾಗಿ ಪಿ ನೆರಳು ಬೀಳುವುದು.

ಸವೆದು ಹೋಗಿರಬಹುದು ಎಂಬ ಅನುಮಾನ ಆಗಿನ ವಿಜ್ಞಾನಿಗಳಿಗೂ ಇತ್ತು. ನೆರಳು ಕಂಡ ಮೇಲೂ ವರ್ಷಗಟ್ಟಲೆ ಕೇಂದ್ರಗೋಳ ದ್ರವ ಅಂತ ಒಪ್ಪಿರಲಿಲ್ಲ. 1926ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಬೇರೆ ದಿಕ್ಕಿನಿಂದ ಬಂದರು. ಚಂದ್ರ ಮತ್ತು ಸೂರ್ಯ ಎಳೆದಾಗ ಸಮುದ್ರ ಮಾತ್ರ ಉಬ್ಬುವುದಿಲ್ಲ, ಗಟ್ಟಿ ನೆಲವೂ ಸ್ವಲ್ಪ ಉಬ್ಬುತ್ತದೆ. ಎಷ್ಟು ಉಬ್ಬುತ್ತದೆ ಅನ್ನುವುದರಿಂದ ಇಡೀ ಭೂಮಿ ಎಷ್ಟು ಬಿಗಿ ಅಂತ ಗೊತ್ತಾಗುತ್ತದೆ. ಎಸ್ ಅಲೆಯಿಂದ ಮ್ಯಾಂಟಲ್ ಒಂದೇ ಎಷ್ಟು ಬಿಗಿ ಅಂತ ಗೊತ್ತಿತ್ತು. ಇಡೀ ಭೂಮಿಯ ಸರಾಸರಿ ಬಿಗಿ ಅದಕ್ಕಿಂತ ಕಡಿಮೆ ಬಂತು. ಹಾಗಾದರೆ ಕೇಂದ್ರಗೋಳದಲ್ಲಿ ಬಿಗಿಯೇ ಇಲ್ಲ, ಅದು ದ್ರವ. ಎರಡು ಸಂಬಂಧವಿಲ್ಲದ ಅಳತೆ ಒಂದೇ ಮಾತು ಹೇಳಿದಾಗ ಬರುವ ನಂಬಿಕೆಯೇ ಬೇರೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಭಾಗ ಇದು, ಯಾಕಂದರೆ ಇದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ.

ಒಳ ಗೋಳ ಕಂಡುಹಿಡಿದಿದ್ದು ಡೆನ್ಮಾರ್ಕಿನ ಇಂಗೆ ಲೆಹ್ಮನ್. 1929ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಮರ್ಚಿಸನ್ ಹತ್ತಿರ ದೊಡ್ಡ ಭೂಕಂಪ ಆಯಿತು. ನೆರಳು ವಲಯದಲ್ಲಿದ್ದ ಸೋವಿಯತ್ ದೇಶದ ಊರುಗಳಲ್ಲಿ ಏನೂ ಕಾಣಬಾರದಿತ್ತು, ಆದರೆ ಸಣ್ಣ ಪಿ ಅಲೆ ಕಂಡಿತು. ಇಂಥವನ್ನು ಬೇರೆಯವರೂ ನೋಡಿ, ಅಂಚಿನಲ್ಲಿ ಬಾಗಿ ಬಂದಿರಬೇಕು ಅಂತ ಬಿಟ್ಟಿದ್ದರು. ಆಕೆ ಬಿಡಲಿಲ್ಲ. ದ್ರವದೊಳಗೆ ಇನ್ನೊಂದು ಗೋಳ ಇದ್ದು ಅದರಿಂದ ಅಲೆ ಈ ಕಡೆ ತಿರುಗಿ ಬಂದರೆ ಸಮಯ ಸರಿಯಾಗಿ ಹೊಂದುತ್ತದೆ ಅಂತ 1936ರಲ್ಲಿ ತೋರಿಸಿದರು. ಆ ಗೋಳದ ತ್ರಿಜ್ಯ ಸುಮಾರು 1,220 ಕಿ.ಮೀ. ಅಂತ ಈಗ ಗೊತ್ತಿದೆ. ಅದು ಗಟ್ಟಿ ಅಂತ ಖಾತ್ರಿಯಾಗಲು ಇನ್ನೂ ಮೂರು ದಶಕಕ್ಕಿಂತ ಜಾಸ್ತಿ ಹಿಡಿಯಿತು. 1960ರ ಮೇ 22ರ ಚಿಲಿ ಭೂಕಂಪ, ಅಳತೆ 9.5, ಇಡೀ ಭೂಮಿಯನ್ನೇ ದಿನಗಟ್ಟಲೆ ನಿಧಾನವಾಗಿ ಕಂಪಿಸುವಂತೆ ಮಾಡಿತು. ಅದರಲ್ಲಿ ಒಂದು ಕಂಪನ ಒಂದು ಸಲ ಮುಗಿಯಲು 54 ನಿಮಿಷ ಬೇಕು. ಇಂಥ ಕಂಪನಗಳ ಲೆಕ್ಕ ಸರಿಹೊಂದಬೇಕಾದರೆ ಒಳ ಗೋಳ ಗಟ್ಟಿಯೇ ಇರಬೇಕು ಅಂತ 1971ರಲ್ಲಿ ತೋರಿಸಿದರು. ಅಲ್ಲಿ ಬಿಸಿ 5,000 ಡಿಗ್ರಿಗೂ ಮೇಲೆ. ಆದರೂ ಒತ್ತಡ ನಮ್ಮ ವಾತಾವರಣದ 36 ಲಕ್ಷ ಪಟ್ಟು ಇರುವುದರಿಂದ ಕಬ್ಬಿಣ ಕರಗಲು ಆಗುವುದಿಲ್ಲ.

ಭೀಮಾ_ತೀರ:

ನನ್ನದೊಂದು ಅನುಮಾನ. ಅಲೆ ವೇಗ ಹೇಳುತ್ತದೆ, ದ್ರವ-ಗಟ್ಟಿ ಹೇಳುತ್ತದೆ, ಒಪ್ಪಿದೆ. ಕಬ್ಬಿಣ ಅಂತ ಯಾರು ಹೇಳಿದರು? ಅಲೆಗೆ ಕಬ್ಬಿಣ ಯಾವುದು, ತಾಮ್ರ ಯಾವುದು ಗೊತ್ತಾಗಲ್ಲ ಅಲ್ವಾ?

ಸುರಪುರದವಳು:

ಸರಿಯಾದ ಅನುಮಾನ. ಅಲೆಯೊಂದರಿಂದ ಕಬ್ಬಿಣ ಅಂತ ಹೇಳಲು ಆಗುವುದಿಲ್ಲ, ಅದಕ್ಕೆ ಬೇರೆ ಸಾಕ್ಷಿಗಳನ್ನು ಜೋಡಿಸಬೇಕು. ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ ಐದೂವರೆ ಪಟ್ಟು. ನಮ್ಮ ಯಾದಗಿರಿ ಕಡೆಯ ಗ್ರಾನೈಟ್ 2.7, ಬೀದರ್ ಕಡೆಯ ಕರಿಕಲ್ಲು ಹೆಚ್ಚೆಂದರೆ 3. ಮೇಲೆ ಇಷ್ಟು ಹಗುರ ಇದ್ದು ಸರಾಸರಿ 5.5 ಬರಬೇಕಾದರೆ ನಡುವೆ ತುಂಬಾ ಭಾರದ ವಸ್ತು ಬೇಕು. ಅಲೆ ಹೇಳಿದ ಗಾತ್ರ ಇಟ್ಟುಕೊಂಡು ಲೆಕ್ಕ ಮಾಡಿದರೆ ಅಲ್ಲಿ ಸಾಂದ್ರತೆ 10ರಿಂದ 13 ಬರುತ್ತದೆ. ಅಷ್ಟು ಭಾರ, ಅಷ್ಟು ಅಲೆ ವೇಗ, ಜೊತೆಗೆ ವಿಶ್ವದಲ್ಲಿ ಹೇರಳವಾಗಿ ಸಿಗುವಂಥದ್ದು ಅಂದರೆ ಕಬ್ಬಿಣವೇ. ಆಕಾಶದಿಂದ ಬೀಳುವ ಉಲ್ಕೆಗಳಲ್ಲೂ ಕಬ್ಬಿಣ-ನಿಕಲ್ ಜಾತಿಯವು ಇವೆ. ಆದರೆ ಹೊರ ಕೇಂದ್ರಗೋಳ ಶುದ್ಧ ಕಬ್ಬಿಣಕ್ಕಿಂತ ಸ್ವಲ್ಪ ಹಗುರ. ಗಂಧಕ, ಆಮ್ಲಜನಕ, ಸಿಲಿಕಾನ್ ಇಂಥದ್ದೇನೋ ಬೆರೆತಿದೆ, ಯಾವುದು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ದಿಕ್ಸೂಚಿ ಉತ್ತರ ತೋರಿಸುವುದು ಇದೇ ದ್ರವ ಲೋಹದ ಹರಿವಿನಿಂದ.

ಮೇಷ್ಟ್ರೇ, ನಿಮ್ಮಲ್ಲಿ ನನ್ನ ವಿನಂತಿ ಒಂದಿದೆ. ಮ್ಯಾಂಟಲ್ ಅನ್ನು ದಯವಿಟ್ಟು ಕೆಂಪು ಚಾಕ್‌ನಲ್ಲಿ ಬರೆಯಬೇಡಿ. ನಾನು ಎಂಎಸ್ಸಿ ಫಿಸಿಕ್ಸ್ ಮಾಡುವಾಗಲೂ ನನ್ನ ಜೊತೆಗಿದ್ದ ಎಷ್ಟೋ ಜನ, ಕಾಲ ಕೆಳಗೆ 40 ಕಿ.ಮೀ. ಹೋದರೆ ಲಾವಾ ಸಮುದ್ರ ಅಂತಲೇ ನಂಬಿದ್ದರು. ಎಸ್ ಅಲೆಯೇ ಇದಕ್ಕೆ ಉತ್ತರ: ಮ್ಯಾಂಟಲ್ ಉದ್ದಕ್ಕೂ, 2,891 ಕಿ.ಮೀ. ತನಕ, ಎಸ್ ಅಲೆ ಸರಾಗವಾಗಿ ಹೋಗುತ್ತದೆ, ತಳದ ಹತ್ತಿರ ಸೆಕೆಂಡಿಗೆ 7 ಕಿ.ಮೀ. ಮೀರಿದ ವೇಗ. ದ್ರವ ಆಗಿದ್ದರೆ ಜಾಗ್ರೆಬ್‌ನಲ್ಲೂ ಹೈದರಾಬಾದ್‌ನಲ್ಲೂ ದೂರದ ಎಸ್ ಅಲೆ ಕಾಣುತ್ತಲೇ ಇರಲಿಲ್ಲ. ಮ್ಯಾಂಟಲ್ ಬಿಸಿಯಾದ ಗಟ್ಟಿ ಕಲ್ಲು. ಕೋಟ್ಯಂತರ ವರ್ಷದ ಲೆಕ್ಕದಲ್ಲಿ ಅದು ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್. ಕೆಲವು ಕಡೆ ಮೇಲಕ್ಕೆ ಬಂದು ಒತ್ತಡ ಕಡಿಮೆಯಾದಾಗ ಅದರಲ್ಲಿ ಸ್ವಲ್ಪ ಭಾಗ ಕರಗುತ್ತದೆ. 6.6 ಕೋಟಿ ವರ್ಷದ ಹಿಂದೆ ಹಾಗೆ ಕರಗಿ ಹೊರಬಂದದ್ದೇ ಬೀದರ್, ಆಳಂದ, ಬಸವಕಲ್ಯಾಣದ ಕರಿಕಲ್ಲು. ಕಿಲ್ಲಾರಿಯಲ್ಲಿ ಭೂಕಂಪದ ನಂತರ ಕೊರೆದಾಗ 338 ಮೀಟರ್‌ಗೆ ಆ ಲಾವಾ ಕಲ್ಲು ಮುಗಿದು, ಕೆಳಗೆ ನಮ್ಮ ಸುರಪುರದಲ್ಲಿ ಕಾಣುವಂಥ ಹಳೆಯ ಗ್ರಾನೈಟ್ ಜಾತಿಯ ಕಲ್ಲು ಸಿಕ್ಕಿತು.

ಇನ್ನೂ ಒಂದು. ಈಗಿನ ಕಂಪ್ಯೂಟರ್‌ಗಳು ಲಕ್ಷಾಂತರ ಅಲೆಗಳ ಸಮಯವನ್ನು ಒಟ್ಟಿಗೆ ಇಟ್ಟು ಮ್ಯಾಂಟಲ್‌ನೊಳಗೆ ಎಲ್ಲಿ ವೇಗ ಜಾಸ್ತಿ, ಎಲ್ಲಿ ಕಡಿಮೆ ಅಂತ ಚಿತ್ರ ತೆಗೆಯುತ್ತವೆ. ತಣ್ಣಗಿನ ಕಲ್ಲಿನಲ್ಲಿ ಅಲೆಗೆ ವೇಗ ಜಾಸ್ತಿ. ಭಾರತದ ಕೆಳಗೆ ಸಾವಿರ ಕಿ.ಮೀ.ಗೂ ಆಳದಲ್ಲಿ ಅಂಥ ತಣ್ಣನೆಯ ತುಂಡುಗಳು ಕಂಡಿವೆ. ನಮ್ಮ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದುವ ಮೊದಲು ನಡುವೆ ಇದ್ದ ಟೆಥಿಸ್ ಸಾಗರದ ತಳ ಅದು. ಮುಳುಗಿ ಹೋದ ಸಾಗರ ಈಗಲೂ ನಮ್ಮ ಕೆಳಗೆ ಇದೆ ಅನ್ನುವುದನ್ನು ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬೀದರ್_ಕೋಟೆ:

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ಸೇರಿಸಿ. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಬಿಎಆರ್‌ಸಿಯ (ಭಾಭಾ ಅಣು ಸಂಶೋಧನಾ ಕೇಂದ್ರದ) ಭೂಕಂಪ ಕೇಂದ್ರ ಇದೆ. ಒಂದೇ ಯಂತ್ರದ ಬದಲು ಸಾಲಾಗಿ ಹಲವು ಯಂತ್ರ ಇಟ್ಟಿದ್ದಾರೆ, ಯಾವುದಕ್ಕೆ ಅಲೆ ಮೊದಲು ಮುಟ್ಟಿತು ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಬೇರೆ ದೇಶಗಳ ಅಣು ಪರೀಕ್ಷೆ ಪತ್ತೆ ಮಾಡಲು ಶುರುವಾದದ್ದು. ಅಣು ಸ್ಫೋಟಗಳ ಅಲೆ ಭೂಮಿಯ ಒಳಗನ್ನು ತಿಳಿಯಲೂ ನೆರವಾಯಿತು, ಯಾಕಂದರೆ ಆದ ಜಾಗ, ಆದ ಸಮಯ ಎರಡೂ ಗೊತ್ತಾದರೆ ಲೆಕ್ಕ ಹೆಚ್ಚು ಸರಿಯಾಗಿ ಬರುತ್ತದೆ.

ಸೇಡಂ_ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಕೆಂಪು ಚಾಕ್ ಇನ್ನು ಮುಟ್ಟಲ್ಲ. ಕೊನೆಗೆ ಒಂದು ಕೇಳುತ್ತೇನೆ: ಈ ನೆರಳು ವಲಯವನ್ನು ಮಕ್ಕಳು ತಾವೇ ನೋಡುವ ಹಾಗೆ ಮಾಡಬಹುದಾ? ಲ್ಯಾಬ್ ಇಲ್ಲ, ಒಂದು ಲ್ಯಾಪ್‌ಟಾಪ್, ಒಂದು ಗ್ಲೋಬ್, ನೂಲು ಇದೆ.

ಆಳಂದ_ಕಲ್ಲು:

ಅಷ್ಟೇ ಸಾಕು. ಗ್ಲೋಬ್ ಮೇಲೆ ನೂಲು ಇಟ್ಟು ದಕ್ಷಿಣ ಧ್ರುವದಿಂದ ಉತ್ತರ ಧ್ರುವದ ತನಕ ಅಳೆದರೆ 180 ಡಿಗ್ರಿ. ಅದನ್ನು ಅಳತೆಪಟ್ಟಿ ಮಾಡಿಕೊಂಡು ಕಲಬುರಗಿಯಿಂದ ದೂರ ನೋಡಿ. ಜಪಾನಿನ ಈಶಾನ್ಯ ಕರಾವಳಿ ಸುಮಾರು 60 ಡಿಗ್ರಿ. 2011ರ ಮಾರ್ಚ್ 11ರ ದೊಡ್ಡ ಭೂಕಂಪದ ಪಿ ಅಲೆ ನಮ್ಮ ಕಾಲ ಕೆಳಗೆ ಸುಮಾರು 10 ನಿಮಿಷಕ್ಕೆ, ಎಸ್ ಅಲೆ ಸುಮಾರು 18 ನಿಮಿಷಕ್ಕೆ ಬಂದಿರುತ್ತದೆ. ಅಲಾಸ್ಕಾದ ಆಂಕರೇಜ್ ಸುಮಾರು 93 ಡಿಗ್ರಿ, ಅಲ್ಲಿಂದಲೂ ಎರಡೂ ಬರುತ್ತವೆ. ಕ್ಯಾಲಿಫೋರ್ನಿಯಾ 120ರಿಂದ 125 ಡಿಗ್ರಿ, ನಮಗೆ ಸರಿಯಾಗಿ ನೆರಳಿನೊಳಗೆ. ಚಿಲಿಯ ಸ್ಯಾಂಟಿಯಾಗೊ ಸುಮಾರು 147 ಡಿಗ್ರಿ, ನೆರಳು ದಾಟಿ ಆಚೆ, ಅಲ್ಲಿಂದ ಕೇಂದ್ರಗೋಳ ಹೊಕ್ಕು ಬಂದ ಪಿ ಅಲೆ ಜೋರಾಗಿಯೇ ಕಾಣುತ್ತದೆ.

ಅಳತೆ 6 ದಾಟಿದ ಭೂಕಂಪ ಜಗತ್ತಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಆಗುತ್ತವೆ, ಹಾಗಾಗಿ ಕಾಯಬೇಕಿಲ್ಲ. ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆಯಾದ ಯುಎಸ್‌ಜಿಎಸ್‌ನ ತಾಣದಲ್ಲಿ ಜಾಗ, ಸಮಯ, ಆಳ ಸಿಗುತ್ತದೆ. ಅಲೆಯ ದಾಖಲೆಗಳನ್ನು ಉಚಿತವಾಗಿ ತೋರಿಸುವ ತಾಣಗಳೂ ಇವೆ. ದಕ್ಷಿಣ ಭಾರತದ ಯಾವುದಾದರೂ ಒಂದು ಕೇಂದ್ರ ಆರಿಸಿ, ಅದೇ ಕೇಂದ್ರದಲ್ಲಿ ಜಪಾನಿನ ಒಂದು, ಕ್ಯಾಲಿಫೋರ್ನಿಯಾದ ಒಂದು ಭೂಕಂಪದ ಗೆರೆ ಅಕ್ಕಪಕ್ಕ ಇಟ್ಟು ತೋರಿಸಿ. 2019ರ ಜುಲೈನ ರಿಜ್‌ಕ್ರೆಸ್ಟ್ ಭೂಕಂಪ, ಅಳತೆ 7.1, ಒಳ್ಳೆಯದು. ಜಪಾನಿನದರಲ್ಲಿ ಪಿ, ಎಸ್ ಎರಡೂ ಎದ್ದು ಕಾಣಬೇಕು. ಕ್ಯಾಲಿಫೋರ್ನಿಯಾದ್ದರಲ್ಲಿ ಜೋರಾದ ನೇರ ಪಿ ಇರುವುದಿಲ್ಲ, ನೇರ ಎಸ್ ಇಲ್ಲವೇ ಇಲ್ಲ. ಭೂಕಂಪ ಆಗಿ 19 ನಿಮಿಷದ ಆಸುಪಾಸು ಒಂದು ಸಣ್ಣ ಪಿ ಅಲೆ ಹುಡುಕಿ. ಯಂತ್ರ ಗದ್ದಲದ ಜಾಗದಲ್ಲಿದ್ದರೆ ಅದು ಮುಚ್ಚಿಹೋಗುತ್ತದೆ, ಆಗ ಇನ್ನೊಂದು ಕೇಂದ್ರದ ದಾಖಲೆ ನೋಡಿ. ಸಿಕ್ಕರೆ ಅದು ಒಳ ಗೋಳ ಹೊಕ್ಕು ಬಂದ ಅಲೆ, ಲೆಹ್ಮನ್ ನೋಡಿದ ಜಾತಿಯದೇ.